ಮೂರನೇ ಸ್ಥಾನದ ಹಬ್ಬ: ಕ್ರೀಡಾಕೂಟ ನಡೆಸಿದ ದೇಶದ ಮನಸ್ಸು ಏಕೆ ಹಗುರಾಗುತ್ತದೆ?

2010ರ ಅಕ್ಟೋಬರ್ 12. ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಕಾಮನ್‌ವೆಲ್ತ್ ಕೂಟದ ಮಹಿಳೆಯರ 4×400 ಮೀಟರ್ ರಿಲೇ. ಮಂಜೀತ್ ಕೌರ್, ಸಿನಿ ಜೋಸ್ ಓಡಿ ಮುಗಿಸಿದ ಮೇಲೆ ಬ್ಯಾಟನ್ ಬಂದದ್ದು ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಅವರ ಕೈಗೆ. ಮುಂದಿದ್ದ ನೈಜೀರಿಯಾದ ಓಟಗಾರ್ತಿಯನ್ನು ಅವರು ಹಿಂದಿಕ್ಕಿದಾಗ ಕ್ರೀಡಾಂಗಣ ಎದ್ದು ನಿಂತಿತು. ಕೊನೆಯ ಸುತ್ತಿನಲ್ಲಿ ಮನ್‌ದೀಪ್ ಕೌರ್ ಆ ಮುನ್ನಡೆಯನ್ನು ಬಿಟ್ಟುಕೊಡಲಿಲ್ಲ. ಚಿನ್ನ ಬಂತು.

ಇದಕ್ಕೆ ಸರಿಯಾಗಿ ಮೂರು ವಾರ ಮೊದಲು, ಸೆಪ್ಟೆಂಬರ್ 21ರಂದು, ಅದೇ ಕ್ರೀಡಾಂಗಣದ ಬಳಿ ಕಟ್ಟುತ್ತಿದ್ದ ಪಾದಚಾರಿ ಸೇತುವೆ ಕುಸಿದು ಇಪ್ಪತ್ತಕ್ಕೂ ಹೆಚ್ಚು ಜನ ಗಾಯಗೊಂಡಿದ್ದರು. ಕ್ರೀಡಾಗ್ರಾಮದ ಹಾಸಿಗೆಗಳ ಮೇಲೆ ನಾಯಿಯ ಹೆಜ್ಜೆ ಗುರುತುಗಳಿದ್ದ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿದ್ದವು. ಸ್ವಚ್ಛತೆಯ ಬಗ್ಗೆ ಒಬ್ಬೊಬ್ಬರ ಮಾನದಂಡ ಒಂದೊಂದು ಎಂಬರ್ಥದ ಮಾತನ್ನು ಸಂಘಟನಾ ಸಮಿತಿಯ ಪ್ರಧಾನ ಕಾರ್ಯದರ್ಶಿಯೇ ಆಡಿ ನಗೆಪಾಟಲಾಗಿದ್ದರು. ಕೂಟ ಯಶಸ್ವಿಯಾದರೆ ತಮಗೆ ದುಃಖವಾಗುತ್ತದೆ ಎಂದು ಮಾಜಿ ಕ್ರೀಡಾ ಸಚಿವ ಮಣಿಶಂಕರ ಅಯ್ಯರ್ ಬಹಿರಂಗವಾಗಿ ಹೇಳಿದ್ದರು. ಉದ್ಘಾಟನೆಯ ರಾತ್ರಿ ಸಮಿತಿಯ ಅಧ್ಯಕ್ಷ ಸುರೇಶ್ ಕಲ್ಮಾಡಿ ಮಾತಿಗೆ ನಿಂತಾಗ ಜನ ಗೇಲಿಯ ಕೂಗು ಹಾಕಿದರು. ಅಲ್ಲಿಂದ ಒಂಬತ್ತೇ ದಿನಕ್ಕೆ ಅದೇ ಕ್ರೀಡಾಂಗಣದಲ್ಲಿ ರಿಲೇಯ ಸಂಭ್ರಮ. ಕಲ್ಮಾಡಿಯವರ ಬಗ್ಗೆ ಜನರ ಅಭಿಪ್ರಾಯವೇನೂ ಬದಲಾಗಿರಲಿಲ್ಲ. ಬದಲಾಗಿದ್ದು ಗಾಳಿ.

ಆ ಗಾಳಿ ಎಲ್ಲಿಂದ ಬರುತ್ತದೆ, ಎಷ್ಟು ದಿನ ಬೀಸುತ್ತದೆ, ಯಾರ ಮನೆಯ ಕಿಟಕಿಯೊಳಗೆ ಬರುತ್ತದೆ ಎಂಬುದನ್ನು ಈಗ ಮತ್ತೆ ವಿಚಾರಿಸಬೇಕಾಗಿದೆ. ಕಾಮನ್‌ವೆಲ್ತ್ ಕೂಟಕ್ಕೆ ನೂರು ವರ್ಷ ತುಂಬುವ 2030ರ ಆತಿಥ್ಯವನ್ನು ಅಹಮದಾಬಾದಿಗೆ ಕೊಡುವ ನಿರ್ಧಾರಕ್ಕೆ 2025ರ ನವೆಂಬರ್ 26ರಂದು ಗ್ಲಾಸ್ಗೋದಲ್ಲಿ ಅಂತಿಮ ಮುದ್ರೆ ಬಿದ್ದಿದೆ. 2036ರ ಒಲಿಂಪಿಕ್ಸ್ ನಡೆಸುವ ಆಸೆಯನ್ನು ಭಾರತ 2024ರ ಅಕ್ಟೋಬರಿನಲ್ಲೇ ಪತ್ರದ ಮೂಲಕ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ತಿಳಿಸಿದೆ. ಇಂಥ ಸಂದರ್ಭದಲ್ಲಿ ಎರಡು ವಾದಗಳು ತಪ್ಪದೆ ಎದ್ದು ಬರುತ್ತವೆ. ಒಂದು, ಇದರಿಂದ ಹಣ, ಉದ್ಯೋಗ, ಪ್ರವಾಸಿಗರು ಬರುತ್ತಾರೆ ಎಂಬುದು. ಇನ್ನೊಂದು, ದೇಶದ ಹೆಮ್ಮೆ, ಉತ್ಸಾಹ ಹೆಚ್ಚುತ್ತದೆ ಎಂಬುದು. ಮೊದಲನೆಯದು ಲೆಕ್ಕದ ಮಾತು, ಎರಡನೆಯದು ಭಾಷಣದ ಮಾತು ಎಂದು ನಾವು ಅಂದುಕೊಳ್ಳುತ್ತೇವೆ. ವಿಚಿತ್ರವೆಂದರೆ ಲೆಕ್ಕ ಹಾಕಿದವರಿಗೆ ಮೊದಲನೆಯದಕ್ಕೆ ಹೆಚ್ಚು ಆಧಾರ ಸಿಕ್ಕಿಲ್ಲ, ಎರಡನೆಯದಕ್ಕೆ ಸಿಕ್ಕಿದೆ.

ಹಣದ ಮಾತನ್ನು ಬೇಗ ಮುಗಿಸೋಣ. 1976ರ ಒಲಿಂಪಿಕ್ಸ್‌ಗೆ ಮಾಡಿದ ಸಾಲವನ್ನು ಮಾಂಟ್ರಿಯಲ್ ತೀರಿಸಿ ಮುಗಿಸಿದ್ದು 2006ರಲ್ಲಿ. 2026ರ ಕಾಮನ್‌ವೆಲ್ತ್ ಕೂಟವನ್ನು ನಡೆಸುತ್ತೇವೆಂದು ಒಪ್ಪಿದ್ದ ಆಸ್ಟ್ರೇಲಿಯಾದ ವಿಕ್ಟೋರಿಯ ರಾಜ್ಯ, ಅಂದಾಜು ವೆಚ್ಚ ಎರಡು ಪಟ್ಟಿಗೂ ಮೀರಿ ಏರಿದ್ದನ್ನು ಕಂಡು 2023ರ ಜುಲೈನಲ್ಲಿ ಕೈ ಎತ್ತಿತು. ಆ ಕೂಟ ಕಿರಿದಾದ ರೂಪದಲ್ಲಿ ಗ್ಲಾಸ್ಗೋ ಪಾಲಾಯಿತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತೇವಲ್ಲ. ಒಲಿಂಪಿಕ್ಸ್ ಎಂದರೆ ಎರಡನ್ನೂ ಒಂದೇ ತಿಂಗಳಲ್ಲಿ, ಊರೆಲ್ಲ ನೋಡುತ್ತಿರುವಾಗ, ಮುಹೂರ್ತ ಮುಂದೂಡಲಾಗದ ಸ್ಥಿತಿಯಲ್ಲಿ ಮಾಡುವುದು. ಮುಹೂರ್ತ ಗೊತ್ತಿದ್ದರೆ ಗುತ್ತಿಗೆದಾರ ಎಷ್ಟು ಬೇಕಾದರೂ ಕೇಳಬಹುದು ಎಂಬುದು ಮದುವೆ ಮಾಡಿಸಿದ ಪ್ರತಿ ತಂದೆಗೂ ಗೊತ್ತು.

ಇನ್ನು ಮನಸ್ಸಿನ ಮಾತು. ಇದಕ್ಕೆ ನನಗೆ ತಿಳಿದ ಅತ್ಯುತ್ತಮ ಉದಾಹರಣೆ ಗೆದ್ದ ದೇಶದ್ದಲ್ಲ, ಮೂರನೇ ಸ್ಥಾನ ಪಡೆದ ದೇಶದ್ದು.

2006ರ ವಸಂತದಲ್ಲಿ ಜರ್ಮನಿ ಉಲ್ಲಾಸದ ದೇಶವಾಗಿರಲಿಲ್ಲ. ವರ್ಷದ ಹಿಂದಷ್ಟೇ ನಿರುದ್ಯೋಗಿಗಳ ಸಂಖ್ಯೆ ಐವತ್ತು ಲಕ್ಷ ದಾಟಿತ್ತು. ಫುಟ್‌ಬಾಲ್ ತಂಡದ ತರಬೇತುದಾರ ಯೂರ್ಗನ್ ಕ್ಲಿನ್ಸ್‌ಮನ್ ಮನೆ ಮಾಡಿದ್ದು ಕ್ಯಾಲಿಫೋರ್ನಿಯಾದಲ್ಲಿ, ಅದಕ್ಕೇ ಪತ್ರಿಕೆಗಳು ಅವರನ್ನು ಹಿಡಿದು ಜಾಡಿಸುತ್ತಿದ್ದವು. ಮಾರ್ಚ್‌ನಲ್ಲಿ ಇಟಲಿಯ ಎದುರು ತಂಡ 4–1ರಿಂದ ಸೋತಿತ್ತು. ಇನ್ನು ಧ್ವಜದ ಮಾತು: ನಾಜಿಗಳ ಕಾಲದ ನೆನಪಿನಿಂದಾಗಿ ಯುದ್ಧಾನಂತರದ ಜರ್ಮನ್ನರು ತಮ್ಮ ಕಪ್ಪು–ಕೆಂಪು–ಹೊನ್ನಿನ ಬಾವುಟವನ್ನು ಮನೆಯ ಕಿಟಕಿಗೆ ಕಟ್ಟುವುದಕ್ಕೂ ಹಿಂಜರಿಯುತ್ತಿದ್ದರು. ನಮ್ಮಲ್ಲಿ ಆಟೊ ಕನ್ನಡಿಗೂ ಬಾವುಟ ಸಿಕ್ಕಿಸುವವರಿಗೆ ಈ ಹಿಂಜರಿಕೆ ಅರ್ಥವಾಗುವುದು ಕಷ್ಟ.

ಜೂನ್ 9ರಂದು ಮ್ಯೂನಿಕ್‌ನಲ್ಲಿ ವಿಶ್ವಕಪ್ ಆರಂಭವಾಯಿತು. ಆರನೇ ನಿಮಿಷದಲ್ಲಿ ಫಿಲಿಪ್ ಲಾಮ್ ಎಡಬದಿಯಿಂದ ಒಳನುಗ್ಗಿ ಗೋಲು ಹೊಡೆದರು. ಅಲ್ಲಿಂದ ನಾಲ್ಕು ವಾರ ಜರ್ಮನಿ ತನ್ನನ್ನು ತಾನೇ ನೋಡಿ ಬೆರಗಾಯಿತು. ಬರ್ಲಿನ್‌ನ ಬ್ರಾಂಡನ್‌ಬುರ್ಗ್ ದ್ವಾರದಿಂದ ವಿಜಯಸ್ತಂಭದವರೆಗಿನ ರಸ್ತೆಯನ್ನು ವಾಹನಗಳಿಗೆ ಮುಚ್ಚಿ, ದೊಡ್ಡ ಪರದೆಗಳನ್ನು ನೆಟ್ಟು, ಟಿಕೆಟ್ ಸಿಗದವರೆಲ್ಲ ಬಂದು ನಿಂತು ನೋಡುವ ವ್ಯವಸ್ಥೆ ಮಾಡಿದ್ದರು. ಇಂಥ ಬಯಲು ಪರದೆಗಳು ಹನ್ನೆರಡು ನಗರಗಳಲ್ಲೂ ಇದ್ದವು. ಬಿಸಿಲು ಸಾಥ್ ಕೊಟ್ಟಿತು. ಕಾರುಗಳ ಕಿಟಕಿಯಲ್ಲಿ ಬಾವುಟಗಳು ಬಂದವು. ಪಕ್ಕದಲ್ಲೇ ಘಾನಾದ್ದು, ಬ್ರೆಜಿಲ್‌ದು, ತುರ್ಕಿಯದೂ ಬಂದವು. ತುರ್ಕಿ ಆ ವಿಶ್ವಕಪ್‌ನಲ್ಲಿ ಆಡುತ್ತಲೇ ಇರಲಿಲ್ಲ ಎಂಬುದನ್ನು ಗಮನಿಸಿ. ಜುಲೈ 4ರಂದು ಡಾರ್ಟ್‌ಮುಂಡ್‌ನಲ್ಲಿ ಇಟಲಿ ಹೆಚ್ಚುವರಿ ಸಮಯದ ಕೊನೆಯ ನಿಮಿಷಗಳಲ್ಲಿ ಎರಡು ಗೋಲು ಹೊಡೆದು ಆತಿಥೇಯರನ್ನು ಹೊರದಬ್ಬಿತು. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಾಲ್ಕು ದಿನಗಳ ಬಳಿಕ ಮೂರನೇ ಸ್ಥಾನಕ್ಕಾಗಿ ಸ್ಟುಟ್‌ಗಾರ್ಟ್‌ನಲ್ಲಿ ಪೋರ್ಚುಗಲ್ ವಿರುದ್ಧ ನಡೆದ ಪಂದ್ಯಕ್ಕೆ, ಯಾರಿಗೂ ಬೇಡದ ಆ ಪಂದ್ಯಕ್ಕೆ, ಜನ ಮುಗಿಬಿದ್ದರು. ‘ಬರ್ಲಿನ್‌ಗಿಂತ ಸ್ಟುಟ್‌ಗಾರ್ಟ್ ಎಷ್ಟೋ ಚೆಂದ’ ಎಂದು ಹಾಡಿದರು. ಫೈನಲ್ ಇದ್ದದ್ದು ಬರ್ಲಿನ್‌ನಲ್ಲಿ. ನರಿಗೆ ಎಟುಕದ ದ್ರಾಕ್ಷಿಯನ್ನೇ ಹಾಡು ಮಾಡಿಕೊಂಡು ಕುಣಿಯುವುದೆಂದರೆ ಇದೇ. ಮರುದಿನ ಬರ್ಲಿನ್‌ನಲ್ಲಿ ಆ ಮೂರನೇ ಸ್ಥಾನದ ತಂಡವನ್ನು ಸ್ವಾಗತಿಸಲು ಲಕ್ಷಾಂತರ ಜನ ಸೇರಿದರು.

ಎಂಟು ವರ್ಷಗಳ ಬಳಿಕ ಅದೇ ಜರ್ಮನಿ ಬ್ರೆಜಿಲ್‌ನಲ್ಲಿ ವಿಶ್ವಕಪ್ಪನ್ನೇ ಗೆದ್ದಿತು. ಆದರೆ ಇಂದಿಗೂ ಜರ್ಮನ್ನರು ‘ಝೊಮರ್‌ಮೆರ್ಶನ್’, ಅಂದರೆ ಬೇಸಿಗೆಯ ಕಾಲ್ಪನಿಕ ಕಥೆ ಎಂದು ಕರೆಯುವುದು ಗೆದ್ದ 2014ನ್ನಲ್ಲ, ಸೋತ 2006ನ್ನು. ಗೆಲುವು ದೂರದಲ್ಲಿ ನಡೆದ ಸುದ್ದಿ. ಆತಿಥ್ಯ ತಮ್ಮ ಬೀದಿಯಲ್ಲಿ ನಡೆದ ಘಟನೆ.

ಇದು ಒಂದು ದೇಶದ ಭಾವುಕತೆ ಮಾತ್ರವೇ? ಅರ್ಥಶಾಸ್ತ್ರಜ್ಞರಾದ ಜಾರ್ಜಿಯೋಸ್ ಕವೆಟ್ಸೋಸ್ ಮತ್ತು ಸ್ಟೆಫಾನ್ ಸಿಮಾನ್ಸ್ಕಿ ಯುರೋಪಿನ ಹನ್ನೆರಡು ದೇಶಗಳಲ್ಲಿ ಜನರ ಜೀವನತೃಪ್ತಿಯ ಬಗ್ಗೆ ಹಲವು ವರ್ಷಗಳಿಂದ ಸಂಗ್ರಹಿಸಿದ್ದ ಸಮೀಕ್ಷೆಗಳನ್ನು ಹಿಡಿದು ಇದನ್ನೇ ಕೇಳಿದರು. 2010ರಲ್ಲಿ ಪ್ರಕಟವಾದ ಅವರ ಉತ್ತರ ಹೀಗಿತ್ತು: ದೊಡ್ಡ ಫುಟ್‌ಬಾಲ್ ಟೂರ್ನಿಯನ್ನು ನಡೆಸಿದಾಗ ಆ ದೇಶದ ಜನರ ತೃಪ್ತಿ ಎದ್ದುಕಾಣುವಂತೆ ಏರುತ್ತದೆ. ತಂಡ ನಿರೀಕ್ಷೆಗಿಂತ ಚೆನ್ನಾಗಿ ಆಡಿದ್ದರಿಂದ ಆಗುವ ಏರಿಕೆ ಮಾತ್ರ ಲೆಕ್ಕಕ್ಕೆ ಗಟ್ಟಿಯಾಗಿ ಸಿಗುವುದಿಲ್ಲ. ಅಂದರೆ ಕಪ್ಪಿಗಿಂತ ಚಪ್ಪರವೇ ಮುಖ್ಯ.

ಚಪ್ಪರವಿಲ್ಲದೆ ಮದುವೆ ಮಾಡಿದರೆ ಏನಾಗುತ್ತದೆ ಎಂಬುದನ್ನು ಟೋಕಿಯೊ ತೋರಿಸಿತು. ಕೋವಿಡ್ ಕಾರಣಕ್ಕೆ ಒಂದು ವರ್ಷ ತಡವಾಗಿ, 2021ರಲ್ಲಿ, ಬಹುತೇಕ ಖಾಲಿ ಕ್ರೀಡಾಂಗಣಗಳಲ್ಲಿ ಒಲಿಂಪಿಕ್ಸ್ ನಡೆಯಿತು. ಜಪಾನ್ 27 ಚಿನ್ನ ಗೆದ್ದಿತು. ತನ್ನ ಇತಿಹಾಸದಲ್ಲೇ ಅಷ್ಟು ಚಿನ್ನವನ್ನು ಅದು ಎಂದೂ ಗೆದ್ದಿರಲಿಲ್ಲ. ಆದರೂ ಕೂಟಕ್ಕೆ ಮುಂಚಿನ ಸಮೀಕ್ಷೆಗಳಲ್ಲಿ ಬಹುಪಾಲು ಜನ ಇದು ಬೇಡ ಎಂದಿದ್ದರು. ಮುಖ್ಯ ಪ್ರಾಯೋಜಕ ಟೊಯೊಟಾ ಸ್ವದೇಶದಲ್ಲೇ ತನ್ನ ಒಲಿಂಪಿಕ್ಸ್ ಜಾಹೀರಾತುಗಳನ್ನು ಟಿ.ವಿ.ಯಲ್ಲಿ ತೋರಿಸದಿರಲು ನಿರ್ಧರಿಸಿತು. ಸಾಂಕ್ರಾಮಿಕದ ಅಲೆಯ ನಡುವೆ ಕೂಟ ಮುಗಿದು ತಿಂಗಳಾಗುವ ಮೊದಲೇ ಪ್ರಧಾನಿ ಯೊಶಿಹಿಡೆ ಸುಗಾ ಪಕ್ಷದ ನಾಯಕತ್ವಕ್ಕೆ ಮತ್ತೆ ಸ್ಪರ್ಧಿಸುವುದಿಲ್ಲವೆಂದು ಹೇಳಿ ಹೊರನಡೆದರು. 1964ರ ಟೋಕಿಯೊದಲ್ಲಿ ಜಪಾನಿನ ಚಿನ್ನ ಇದಕ್ಕಿಂತ ಕಡಿಮೆ, 16. ಆದರೆ ಹಿರೋಷಿಮಾದ ಮೇಲೆ ಬಾಂಬು ಬಿದ್ದ ದಿನವೇ ಆ ಪ್ರಾಂತ್ಯದಲ್ಲಿ ಹುಟ್ಟಿದ ಯೊಶಿನೊರಿ ಸಕಾಯ್ ಎಂಬ ಯುವಕ ಜ್ಯೋತಿ ಬೆಳಗಿಸಿದ್ದನ್ನು ಜಪಾನಿನ ಒಂದು ತಲೆಮಾರು ಮರೆತಿಲ್ಲ. ಆಟಗಳಿಗೆ ಒಂಬತ್ತೇ ದಿನ ಮುಂಚೆ ಹಳಿಗಿಳಿದ ಬುಲೆಟ್ ರೈಲನ್ನೂ ಮರೆತಿಲ್ಲ.

ಹಾಗಾದರೆ ಏರುವುದು ಏನು? ಜಾತ್ರೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ವರ್ಷವಿಡೀ ಮುಖ ತಿರುಗಿಸಿಕೊಂಡು ಓಡಾಡುವ ಎರಡು ಮನೆಯವರು ತೇರಿನ ಹಗ್ಗಕ್ಕೆ ಒಟ್ಟಿಗೆ ಕೈ ಹಾಕುತ್ತಾರೆ. ಅಪರಿಚಿತರ ಜೊತೆ ಮಾತಾಡಲು ಅಂದು ನೆಪ ಬೇಕಿಲ್ಲ. ಎಲ್ಲರ ಗಡಿಯಾರವೂ ಒಂದೇ ಹೊತ್ತನ್ನು ತೋರಿಸುತ್ತದೆ. ಇದರ ಜೊತೆಗೆ ಇನ್ನೊಂದು, ನನ್ನ ಮಟ್ಟಿಗೆ ಇದೇ ಹೆಚ್ಚು ಕುತೂಹಲಕರ: ಮನೆಗೆ ನೆಂಟರು ಬಂದಾಗ ನಾವು ನಮ್ಮ ಮನೆಯನ್ನೇ ಅವರ ಕಣ್ಣಿನಿಂದ ನೋಡುತ್ತೇವೆ. ಹತ್ತು ವರ್ಷದಿಂದ ಕಾಣದ ಗೋಡೆಯ ಬಿರುಕು ಅಂದು ಕಾಣುತ್ತದೆ, ಹತ್ತು ವರ್ಷದಿಂದ ಗಮನಿಸದ ಅಂಗಳದ ಪಾರಿಜಾತವೂ ಕಾಣುತ್ತದೆ. ತಿಥಿ ನೋಡದೆ ಬರುವವನು ಅತಿಥಿ ಎನ್ನುತ್ತಾರೆ. ಇಲ್ಲಿ ಐದಾರು ವರ್ಷ ಮೊದಲೇ ತಿಥಿ ಗೊತ್ತುಮಾಡಿಕೊಂಡು ಬರುವ ಅತಿಥಿ. ಆದ್ದರಿಂದ ಸುಣ್ಣ ಬಳಿಯುವ ಆತಂಕವೂ ಐದಾರು ವರ್ಷದ್ದು.

ಆ ಆತಂಕ ಸಂತೋಷದ ಶತ್ರುವಲ್ಲ, ಅದರ ಬಂಡವಾಳ. ದೆಹಲಿಯವರು ಮಾತ್ರ ಗೊಣಗಿದರೆಂದು ತಿಳಿಯಬೇಡಿ. 2012ರ ಲಂಡನ್ ಒಲಿಂಪಿಕ್ಸ್‌ಗೆ ಎರಡು ವಾರ ಇರುವಾಗ, ಒಪ್ಪಿಕೊಂಡಷ್ಟು ಕಾವಲುಗಾರರನ್ನು ಕೊಡಲಾಗುವುದಿಲ್ಲ ಎಂದು ಭದ್ರತಾ ಗುತ್ತಿಗೆಯ ಕಂಪನಿ ಹೇಳಿತು. ಕೊನೆಗಳಿಗೆಯಲ್ಲಿ ಸೈನಿಕರನ್ನು ಕರೆಸಬೇಕಾಯಿತು. ಅದಕ್ಕೂ ಹಿಂದಿನ ಆಗಸ್ಟ್‌ನಲ್ಲಿ ಅದೇ ನಗರ ಗಲಭೆಯಲ್ಲಿ ಹೊತ್ತಿ ಉರಿದಿತ್ತು. 2024ರ ಬೇಸಿಗೆಯಲ್ಲಿ ಪ್ಯಾರಿಸ್ಸಿನ ಎಷ್ಟೋ ಮಂದಿ ಈ ಗಲಾಟೆ ಬೇಡವೆಂದು ಊರು ಬಿಡುವ ಯೋಜನೆ ಹಾಕಿದ್ದರು. ಅಧ್ಯಕ್ಷ ಮ್ಯಾಕ್ರನ್ ಸಂಸತ್ತನ್ನು ವಿಸರ್ಜಿಸಿ ದೇಶವನ್ನು ರಾಜಕೀಯ ಗೊಂದಲಕ್ಕೆ ತಳ್ಳಿದ್ದರು. ಉದ್ಘಾಟನೆಯ ಬೆಳಗ್ಗೆ ಅತಿವೇಗದ ರೈಲು ಜಾಲದ ಮೇಲೆ ವಿಧ್ವಂಸಕ ಕೃತ್ಯ ನಡೆಯಿತು. ಸಂಜೆ ಸೀನ್ ನದಿಯ ಮೇಲೆ ಮೆರವಣಿಗೆ ಹೊರಟಾಗ ಮಳೆ ಸುರಿಯಿತು. ಎರಡು ವಾರದಲ್ಲಿ ಗೊಣಗಾಟ ಎಲ್ಲಿ ಹೋಯಿತೆಂದು ಗೊತ್ತಾಗಲಿಲ್ಲ. ಈಜುಗಾರ ಲಿಯೊನ್ ಮಾರ್ಶಾನ್ ನಾಲ್ಕು ಚಿನ್ನ ಗೆದ್ದರು. ಟ್ಯುಲೆರಿ ಉದ್ಯಾನದಲ್ಲಿ ಪ್ರತಿ ಸಂಜೆ ಬಲೂನಿನಂತೆ ಮೇಲೇರುವ ಜ್ಯೋತಿಯನ್ನು ನೋಡಲು ಜನ ಸಾಲುಗಟ್ಟಿದರು. ಕೆಟ್ಟದ್ದನ್ನು ನಿರೀಕ್ಷಿಸಿ ಕುಳಿತವನಿಗೆ ಸಾಧಾರಣ ಯಶಸ್ಸೂ ಪವಾಡದಂತೆ ಕಾಣುತ್ತದೆ. ಸದ್ಯ, ಮರ್ಯಾದೆ ಉಳಿಯಿತು ಎಂಬ ನಿಟ್ಟುಸಿರಿನಲ್ಲಿ ಸಂತೋಷದ ಅರ್ಧ ಪಾಲಿದೆ.

ಈ ಸಂತೋಷ ಎಷ್ಟು ದಿನದ್ದು ಎಂಬ ಪ್ರಶ್ನೆಗೂ ಲಂಡನ್ ಉತ್ತರ ಕೊಟ್ಟಿದೆ. ಪಾಲ್ ಡೋಲನ್ ಮತ್ತು ಸಂಗಡಿಗರು 2011, 2012, 2013ರ ಬೇಸಿಗೆಗಳಲ್ಲಿ ಲಂಡನ್, ಪ್ಯಾರಿಸ್, ಬರ್ಲಿನ್ ನಗರಗಳ 26,000 ನಿವಾಸಿಗಳನ್ನು ಮಾತನಾಡಿಸಿದರು. ಒಲಿಂಪಿಕ್ಸ್ ಇದ್ದದ್ದು ಒಂದೇ ನಗರದಲ್ಲಿ, ಆದ್ದರಿಂದ ಹೋಲಿಕೆಗೆ ಉಳಿದೆರಡು. ಕೂಟದ ದಿನಗಳಲ್ಲಿ, ಅದರಲ್ಲೂ ಉದ್ಘಾಟನೆ ಮತ್ತು ಸಮಾರೋಪದ ಆಸುಪಾಸಿನಲ್ಲಿ, ಲಂಡನ್ನಿನವರ ನೆಮ್ಮದಿ ಸ್ಪಷ್ಟವಾಗಿ ಏರಿತ್ತು. ಮರುವರ್ಷ ಕೇಳಿದಾಗ ಅದರ ಸುಳಿವು ಹೆಚ್ಚೇನೂ ಉಳಿದಿರಲಿಲ್ಲ. ಆ ಸಂತೋಷಕ್ಕೆ ಬೆಲೆ ಕಟ್ಟಿ ಖರ್ಚಿನ ಪಕ್ಕದಲ್ಲಿಟ್ಟಾಗ ಲಂಡನ್ ಒಂದಕ್ಕೇ ಆದರೆ ಈ ವ್ಯಾಪಾರ ಗಿಟ್ಟುವುದಿಲ್ಲ ಎಂದು ಕಂಡಿತು. ಬ್ರಿಟನ್ನಿನ ಉಳಿದ ಭಾಗಕ್ಕೂ ಅದು ಸ್ವಲ್ಪ ಹಂಚಿಹೋಗಿದ್ದರೆ ಗಿಟ್ಟುತ್ತದೆ. ಈ ಕೊನೆಯ ವಾಕ್ಯವನ್ನು ನೆನಪಿಟ್ಟುಕೊಳ್ಳಬೇಕು. ಭಾರತದ ಮಟ್ಟಿಗೆ ಎಲ್ಲ ಚರ್ಚೆಯೂ ಇದರ ಸುತ್ತಲೇ ಇದೆ.

ಒಮ್ಮೆ ಬೀಸಿದ ಗಾಳಿಯನ್ನು ಮತ್ತೆ ಕರೆಸಿಕೊಳ್ಳಬಹುದೇ? ಜರ್ಮನಿ ಪ್ರಯತ್ನಿಸಿತು. 2024ರ ಯುರೋ ಟೂರ್ನಿಯನ್ನು ನಡೆಸುವಾಗ ‘ಮತ್ತೊಂದು ಬೇಸಿಗೆಯ ಕಥೆ’ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಟೂರ್ನಿಯ ನಿರ್ದೇಶಕರು ಬೇರೆ ಯಾರೂ ಅಲ್ಲ, 2006ರ ಮೊದಲ ಗೋಲಿನ ಅದೇ ಫಿಲಿಪ್ ಲಾಮ್. ಜರ್ಮನಿಯ ರೈಲುಗಳು ಎಷ್ಟು ತಡವಾಗಿ ಓಡಿದವೆಂದರೆ ಡಸೆಲ್‌ಡಾರ್ಫ್‌ನ ಒಂದು ಪಂದ್ಯದ ಆರಂಭಕ್ಕೆ ಸ್ವತಃ ಲಾಮ್ ತಲುಪಲಾಗಲಿಲ್ಲ. ನೆಂಟರು ಕಣ್ಣು ತೆರೆಸಿದ್ದು ಈ ಸಲ ಪಾರಿಜಾತಕ್ಕಲ್ಲ, ಗೋಡೆಯ ಬಿರುಕಿಗೆ. 2006ರ ನೆನಪಿಗೂ ಅಷ್ಟರಲ್ಲಿ ಕಲೆ ಬಿದ್ದಿತ್ತು: ಆ ವಿಶ್ವಕಪ್ಪಿನ ಸುತ್ತ 67 ಲಕ್ಷ ಯೂರೊಗಳ ಸಂಶಯಾಸ್ಪದ ಪಾವತಿಯೊಂದು 2015ರಲ್ಲಿ ಹೊರಬಂದು ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆಯಿತು. ದೆಹಲಿಯ ಕಥೆಯೂ ಭಿನ್ನವಲ್ಲ. 101 ಪದಕ, 38 ಚಿನ್ನ, ಪಟ್ಟಿಯಲ್ಲಿ ಎರಡನೇ ಸ್ಥಾನ. ಆರು ತಿಂಗಳು ಕಳೆಯುತ್ತಲೇ ಭ್ರಷ್ಟಾಚಾರದ ಆರೋಪದಲ್ಲಿ ಕಲ್ಮಾಡಿಯವರ ಬಂಧನ, ಆಗಸ್ಟ್‌ನಲ್ಲಿ ಮಹಾಲೇಖಪಾಲರ ವರದಿ. ಆ ರಿಲೇ ತಂಡದ ನಾಲ್ವರಲ್ಲಿ ಮೂವರು, ಅಶ್ವಿನಿಯವರೂ ಸೇರಿ, 2011ರಲ್ಲಿ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ವಿಫಲರಾಗಿ ನಿಷೇಧಕ್ಕೊಳಗಾದರು. ತಮಗೆ ಕೊಟ್ಟ ಪೂರಕ ಆಹಾರದಲ್ಲೇ ದೋಷವಿತ್ತೆಂಬುದು ಅವರ ವಾದವಾಗಿತ್ತು. ಆದರೂ ಆ ಸಂಜೆಯ ಸಂಭ್ರಮ ಸುಳ್ಳಾಗಿತ್ತು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಸೋಲು ಈ ಸಂತೋಷವನ್ನು ಕೆಡಿಸುವುದಿಲ್ಲವೇ ಎಂದರೆ, ಕೆಡಿಸುತ್ತದೆ. ಬ್ರಿಟನ್ನಿನ ಸಂಶೋಧಕರಾದ ಪೀಟರ್ ಡೋಲ್ಟನ್ ಮತ್ತು ಜಾರ್ಜ್ ಮೆಕೆರನ್ ಮೊಬೈಲ್ ಆ್ಯಪ್ ಮೂಲಕ ಜನರ ಕ್ಷಣಕ್ಷಣದ ಮನಃಸ್ಥಿತಿಯನ್ನು ದಾಖಲಿಸಿದಾಗ, ಫುಟ್‌ಬಾಲ್ ಅಭಿಮಾನಿಗೆ ಸೋಲು ಕೊಡುವ ನೋವು ಗೆಲುವು ಕೊಡುವ ಸುಖದ ಸುಮಾರು ಎರಡರಷ್ಟಿತ್ತು. ಆತಿಥೇಯರ ಸೋಲಿಗಂತೂ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. 1982ರ ಡಿಸೆಂಬರ್ 1ರಂದು ದೆಹಲಿ ಏಷ್ಯಾಡ್‌ನ ಹಾಕಿ ಫೈನಲ್‌ನಲ್ಲಿ ಪಾಕಿಸ್ತಾನ ನಮ್ಮನ್ನು 7–1ರಿಂದ ಸೋಲಿಸಿತು. 2014ರ ಜುಲೈ 8ರಂದು ಬೆಲೊ ಹೊರಿಜಾಂಟೆಯಲ್ಲಿ ಜರ್ಮನಿ ಬ್ರೆಜಿಲನ್ನು ಸೋಲಿಸಿದ್ದೂ 7–1ರಿಂದಲೇ. ಎರಡು ಖಂಡಗಳ ಎರಡು ಆತಿಥೇಯ ದೇಶಗಳು, ತಾವೇ ಗುರುಗಳೆಂದುಕೊಂಡಿದ್ದ ಆಟಗಳು, ಒಂದೇ ಅಂಕೆ. ಭಾರತದ ಗೋಲ್‌ಕೀಪರ್ ಮೀರ್ ರಂಜನ್ ನೇಗಿ ದೇಶದ್ರೋಹಿ ಎಂಬ ಮಾತನ್ನು ವರ್ಷಗಟ್ಟಲೆ ಕೇಳಬೇಕಾಯಿತು.

ಇನ್ನೂ ಕತ್ತಲಿನ ಬದಿಯೊಂದಿದೆ. ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿ ಮೂರು ವಿಶ್ವಕಪ್‌ಗಳ ಕಾಲದ ಪೊಲೀಸ್ ದಾಖಲೆ ನೋಡಿದ ಸಂಶೋಧಕರಿಗೆ, ಇಂಗ್ಲೆಂಡ್ ಸೋತ ದಿನಗಳಲ್ಲಿ ಕೌಟುಂಬಿಕ ಹಿಂಸೆಯ ದೂರುಗಳು ಶೇ 38ರಷ್ಟು ಹೆಚ್ಚಿದ್ದು ಕಂಡಿತು. ಗೆದ್ದ ಅಥವಾ ಸಮ ಮಾಡಿಕೊಂಡ ದಿನಗಳಲ್ಲೂ ಶೇ 26ರಷ್ಟು ಹೆಚ್ಚಿತ್ತು. ಬೀದಿಯಲ್ಲಿ ಹಾಡಿಕೊಂಡು ಬಂದವನು ಬಾಗಿಲು ಹಾಕಿದ ಮೇಲೆ ಏನು ಮಾಡುತ್ತಾನೆ ಎಂಬುದು ದೇಶದ ಮನಃಸ್ಥಿತಿಯ ಲೆಕ್ಕದಲ್ಲಿ ಬರುವುದಿಲ್ಲ. ದೇಶದ ಮನಸ್ಸು ಎಂದು ಒಂದನ್ನು ಮಾಡಿ ಮಾತಾಡುವುದರಲ್ಲೇ ಈ ಮೋಸವಿದೆ. ದಕ್ಷಿಣ ಆಫ್ರಿಕಾದ ಉದಾಹರಣೆಯೂ ಅದನ್ನೇ ಹೇಳುತ್ತದೆ. 2008ರ ಮೇ ತಿಂಗಳಲ್ಲಿ ನೆರೆದೇಶಗಳ ವಲಸಿಗರ ಮೇಲೆ ನಡೆದ ದಾಳಿಗಳಲ್ಲಿ 62 ಮಂದಿ ಸತ್ತಿದ್ದರು. ಎರಡು ವರ್ಷದ ಬಳಿಕ ವಿಶ್ವಕಪ್‌ನಲ್ಲಿ ತಮ್ಮ ತಂಡ ಗುಂಪು ಹಂತದಲ್ಲೇ ಹೊರಬಿದ್ದಾಗ ಅದೇ ಜನ ಘಾನಾ ತಂಡವನ್ನು ತಮ್ಮದೆಂದು ಅಪ್ಪಿಕೊಂಡು ವುವುಜೆಲಾ ಊದಿದರು. 2015ರಲ್ಲಿ ವಲಸಿಗರ ಮೇಲಿನ ದಾಳಿಗಳು ಮರಳಿದವು.

ನಮ್ಮ ನೆಲದಲ್ಲೂ ಈ ಎರಡೂ ಮುಖಗಳನ್ನು ಒಂದೇ ಟೂರ್ನಿಯಲ್ಲಿ ನೋಡಿದ್ದೇವೆ. 2023ರ ಪುರುಷರ ಕ್ರಿಕೆಟ್ ವಿಶ್ವಕಪ್‌ಗೆ ಪಾಕಿಸ್ತಾನ ತಂಡ ಹೈದರಾಬಾದಿಗೆ ಬಂದಿಳಿದಾಗ ಸಿಕ್ಕ ಸ್ವಾಗತ ಆಟಗಾರರನ್ನೇ ಅಚ್ಚರಿಗೊಳಿಸಿತು. ಅಹಮದಾಬಾದಿನ ಪಂದ್ಯದಲ್ಲಿ ಔಟಾಗಿ ಮರಳುತ್ತಿದ್ದ ಪಾಕಿಸ್ತಾನದ ಆಟಗಾರನತ್ತ ಕೂಗಿದ ಘೋಷಣೆಗಳು ಬೇರೆಯೇ ಕಥೆ ಹೇಳಿದವು. ಆ ದೇಶದ ಅಭಿಮಾನಿಗಳಿಗಂತೂ ವೀಸಾ ಸಿಗುವುದೇ ದುಸ್ತರವಾಗಿತ್ತು. ಊಟ ಬಡಿಸಿ ಬಾಗಿಲು ಹಾಕಿಕೊಂಡ ಹಾಗೆ. ಬೆಂಗಳೂರು ಮಾತ್ರ ನವೆಂಬರ್ 4ರಂದು ಒಂದು ಒಳ್ಳೆಯ ದಿನ ಕಂಡಿತು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಡುತ್ತಿದ್ದದ್ದು ನ್ಯೂಜಿಲೆಂಡ್ ಮತ್ತು ಪಾಕಿಸ್ತಾನ. ವೆಲಿಂಗ್ಟನ್‌ನಲ್ಲಿ ಹುಟ್ಟಿದ, ಬೆಂಗಳೂರಿನ ಅಪ್ಪ–ಅಮ್ಮಂದಿರ ಮಗ ರಚಿನ್ ರವೀಂದ್ರ 108 ರನ್ ಹೊಡೆದರು. ತಮ್ಮ ದೇಶವೇ ಆಡದ ಪಂದ್ಯದಲ್ಲಿ ಕ್ರೀಡಾಂಗಣ ‘ರಚಿನ್, ರಚಿನ್’ ಎಂದು ಕೂಗಿತು. ಹೊರಗೆ ಹೋದ ಮನೆಮಗಳ ಮಗು ಹಬ್ಬಕ್ಕೆ ಬಂದಾಗ ಅಜ್ಜಿಯ ಊರು ಹೀಗೆಯೇ ಸೇರುತ್ತದೆ. ಎರಡು ವಾರದ ಬಳಿಕ ಅಹಮದಾಬಾದಿನ ಫೈನಲ್. ಹತ್ತು ಪಂದ್ಯ ಸತತ ಗೆದ್ದು ಬಂದಿದ್ದ ಭಾರತ ಸೋತಿತು. ಟ್ರಾವಿಸ್ ಹೆಡ್ ಅವರ 137ಕ್ಕೆ ಚಪ್ಪಾಳೆ ತಟ್ಟಿದ ಕೈಗಳು 92,000ಕ್ಕೂ ಹೆಚ್ಚು ಜನರ ನಡುವೆ ಬೆರಳೆಣಿಕೆಯಷ್ಟು. ದೊಡ್ಡ ಜನಸ್ತೋಮವನ್ನು ಮೌನಗೊಳಿಸುವುದಕ್ಕಿಂತ ತೃಪ್ತಿ ಬೇರಿಲ್ಲ ಎಂದು ಹಿಂದಿನ ದಿನ ಆಸ್ಟ್ರೇಲಿಯಾದ ನಾಯಕ ಪ್ಯಾಟ್ ಕಮಿನ್ಸ್ ಹೇಳಿದ್ದು ಅಕ್ಷರಶಃ ನಡೆಯಿತು.

ಹಬ್ಬ ಮಾಡುವುದಕ್ಕೂ ಜಾಗ, ದಾರಿ, ತಾಳ್ಮೆಯ ವ್ಯವಸ್ಥೆ ಬೇಕು ಎಂಬುದನ್ನು ಬೆಂಗಳೂರು ಕಲಿತದ್ದು ದುಬಾರಿ ಬೆಲೆಗೆ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಐಪಿಎಲ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ಕಾಲ್ತುಳಿತಕ್ಕೆ ಹನ್ನೊಂದು ಮಂದಿ ಬಲಿಯಾದರು. ಅದೇ ವರ್ಷದ ಮಹಿಳಾ ವಿಶ್ವಕಪ್‌ನಲ್ಲಿ ಬೆಂಗಳೂರಿಗೆ ನಿಗದಿಯಾಗಿದ್ದ ಪಂದ್ಯಗಳು ಕೈತಪ್ಪಿ, ನವಿ ಮುಂಬೈ ಹೊಸ ಆತಿಥೇಯ ನಗರವಾಯಿತು. ನವೆಂಬರ್ 2ರ ರಾತ್ರಿ ಅಲ್ಲೇ ಹರ್ಮನ್‌ಪ್ರೀತ್ ಕೌರ್ ಅವರ ತಂಡ ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ಮೊದಲ ಬಾರಿ ಕಪ್ ಎತ್ತಿತು. ಆ ಟೂರ್ನಿಯ ಟಿಕೆಟ್ ದರ ಆರಂಭವಾಗುತ್ತಿದ್ದದ್ದು ನೂರು ರೂಪಾಯಿಯಿಂದ. ಸಣ್ಣ ವಿವರದಂತೆ ಕಾಣುವ ಇದು ನನ್ನ ಪಾಲಿಗೆ ಸಣ್ಣದಲ್ಲ. ಮೂರು ಹೆಣ್ಣುಮಕ್ಕಳಿರುವ ಮನೆಯೊಂದು ಒಟ್ಟಿಗೆ ಹೋಗಿ ಕೂರಬಹುದಾದ ಹಬ್ಬಕ್ಕೂ, ಪರದೆಯಲ್ಲಿ ಮಾತ್ರ ನೋಡಬಹುದಾದ ಹಬ್ಬಕ್ಕೂ ಇರುವ ಅಂತರ ಅದರಲ್ಲಿದೆ.

ಲಂಡನ್ ಅಧ್ಯಯನದ ಆ ಕೊನೆಯ ವಾಕ್ಯಕ್ಕೆ ಮರಳೋಣ: ಸಂತೋಷ ಹಂಚಿಹೋದರೆ ಗಿಟ್ಟುತ್ತದೆ. ನೂರನಲವತ್ತು ಕೋಟಿ ಜನರ ದೇಶದಲ್ಲಿ ತಲೆಗೊಂದು ಚಿಟಿಕೆ ಸಂತೋಷ ಸಿಕ್ಕರೂ ಒಟ್ಟು ಮೊತ್ತ ದೊಡ್ಡದು. ಆದರೆ ಅಹಮದಾಬಾದಿನ ತೇರು ರಾಯಚೂರಿನವರಿಗೆ ತಮ್ಮದೆನ್ನಿಸುವುದು ಹೇಗೆ? 1982ರಲ್ಲಿ ಅದಕ್ಕೊಂದು ಉತ್ತರವಿತ್ತು. ಏಷ್ಯಾಡ್ ವರ್ಷದಲ್ಲೇ ದೂರದರ್ಶನಕ್ಕೆ ಬಣ್ಣ ಬಂತು, ರಾಷ್ಟ್ರೀಯ ಪ್ರಸಾರ ಆರಂಭವಾಯಿತು, ಟಿ.ವಿ. ಇದ್ದ ಮನೆಯ ಪಡಸಾಲೆ ಇಡೀ ಬೀದಿಯದಾಯಿತು; ಕೂಟದ ಲಾಂಛನವಾಗಿದ್ದ ಅಪ್ಪು ಎಂಬ ಆನೆಮರಿ ದೆಹಲಿ ನೋಡದ ಮಕ್ಕಳಿಗೂ ಗೊತ್ತಾಯಿತು. ಈಗ ಪ್ರತಿಯೊಬ್ಬರ ಕೈಯಲ್ಲೂ ಒಂದು ಪರದೆ, ಕಿವಿಯಲ್ಲಿ ಅವರವರದೇ ಧ್ವನಿ. ಜರ್ಮನಿಯ ಬಯಲು ಪರದೆಗಳು ಮಾಡಿದ ಕೆಲಸವನ್ನು ಮೊಬೈಲ್ ಮಾಡಲಾರದು, ಏಕೆಂದರೆ ಅಲ್ಲಿ ಜನ ನೋಡಲು ಬಂದದ್ದು ಆಟವನ್ನಷ್ಟೇ ಅಲ್ಲ, ಪಕ್ಕದವರನ್ನು. 2030ರ ಯೋಜನೆಯಲ್ಲಿ ಕ್ರೀಡಾಂಗಣಗಳ ಲೆಕ್ಕದ ಪಕ್ಕದಲ್ಲಿ ಹುಬ್ಬಳ್ಳಿ, ಕಲಬುರಗಿ, ಮಂಗಳೂರಿನ ಮೈದಾನಗಳಲ್ಲಿ ಒಂದೊಂದು ಪರದೆಯ ಖರ್ಚನ್ನೂ ಬರೆದುಕೊಂಡರೆ ಅದು ದೊಡ್ಡ ಹೊರೆಯಾಗಲಾರದು. ಕೂಟ ಬೇಕೇ ಬೇಡವೇ ಎಂದು ಜನರನ್ನೇ ಕೇಳುವ ಪದ್ಧತಿಯೂ ಜಗತ್ತಿನಲ್ಲಿದೆ. 2015ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದವರು ಮತ ಹಾಕಿ ಒಲಿಂಪಿಕ್ಸ್ ಬೇಡವೆಂದರು. ನಮ್ಮಲ್ಲಿ ಹಾಗೆ ಕೇಳುವ ರೂಢಿಯೇ ಇಲ್ಲ. ಹುಡುಗಿಯನ್ನು ಕೇಳದೆ ಮದುವೆ ನಿಶ್ಚಯಿಸುವ ಹಳೆಯ ಅಭ್ಯಾಸ.

ಚಪ್ಪರ ಕಟ್ಟುವವರ ಮಾತೊಂದು ಉಳಿದಿದೆ. 1982ರ ಏಷ್ಯಾಡ್‌ಗಾಗಿ ದೆಹಲಿಯ ಮೇಲ್ಸೇತುವೆಗಳನ್ನೂ ಕ್ರೀಡಾಂಗಣಗಳನ್ನೂ ಕಟ್ಟುತ್ತಿದ್ದ ವಲಸೆ ಕಾರ್ಮಿಕರಿಗೆ ಕನಿಷ್ಠ ಕೂಲಿಯೂ ಸಿಗುತ್ತಿಲ್ಲವೆಂದು ಪ್ರಜಾತಾಂತ್ರಿಕ ಹಕ್ಕುಗಳ ಜನ ಒಕ್ಕೂಟವು ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿಗೆ ಪತ್ರ ಬರೆಯಿತು. ಆ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿದ ಸುಪ್ರೀಂ ಕೋರ್ಟ್, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಸೆಪ್ಟೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ನಲವತ್ತು ವರ್ಷಗಳಿಂದ ದೇಶದ ಕಾರ್ಮಿಕ ಮೊಕದ್ದಮೆಗಳಲ್ಲಿ ಉಲ್ಲೇಖವಾಗುತ್ತಲೇ ಇರುವ ಆ ತೀರ್ಪು, ನನ್ನ ಲೆಕ್ಕದಲ್ಲಿ, ಏಷ್ಯಾಡ್ ಬಿಟ್ಟುಹೋದ ಅತ್ಯಂತ ಗಟ್ಟಿ ಕಟ್ಟಡ. 2010ರ ಹೊತ್ತಿಗೆ ದೆಹಲಿ ಇನ್ನೊಂದು ಉಪಾಯ ಕಂಡುಕೊಂಡಿತು: ಭಿಕ್ಷುಕರನ್ನು ಬೀದಿಯಿಂದ ಎತ್ತಿ ಸಾಗಿಸಿ, ಕೊಳೆಗೇರಿಗಳು ಅತಿಥಿಗಳಿಗೆ ಕಾಣದಂತೆ ರಸ್ತೆ ಬದಿಯಲ್ಲಿ ಬಿದಿರಿನ ಮರೆಯನ್ನೂ ಕೂಟದ ಜಾಹೀರಾತು ಫಲಕಗಳನ್ನೂ ನಿಲ್ಲಿಸಿತು.

2020ರ ಫೆಬ್ರುವರಿಯಲ್ಲಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅಹಮದಾಬಾದಿಗೆ ಬಂದರು. ವಿಮಾನ ನಿಲ್ದಾಣದಿಂದ ಮೊಟೇರಾ ಕ್ರೀಡಾಂಗಣಕ್ಕೆ ಅವರ ವಾಹನಗಳು ಸಾಗುವ ದಾರಿಯಲ್ಲಿ ಸರಣಿಯಾವಾಸ್ ಎಂಬ ಕೊಳೆಗೇರಿಯಿತ್ತು. ಅದರ ಮುಂದೆ, ಅವರು ಬರುವ ಕೆಲವೇ ದಿನಗಳ ಮೊದಲು, ನಗರಪಾಲಿಕೆ ನೂರಾರು ಮೀಟರ್ ಉದ್ದದ ಗೋಡೆ ಎಬ್ಬಿಸಿತು. ಈ ಸಲ ಬಿದಿರಲ್ಲ, ಇಟ್ಟಿಗೆ. 2030ರಲ್ಲಿ ಅದೇ ಊರಿಗೆ ಎಪ್ಪತ್ತಕ್ಕೂ ಹೆಚ್ಚು ದೇಶ–ಪ್ರದೇಶಗಳ ಕ್ರೀಡಾಪಟುಗಳು ಬರಬೇಕಿದೆ.